ಬೋಳು ಮುಳ್ಳಿಗೊಂದು ಟೋಪಿ

ಲಾನ್ ಮೇತಾವಳ ಬಲಗೈ ಹೆಬ್ಬೆರಳಿನ ಉಗುರನ್ನು ಮೊದಲ ಸಲ ನೋಡಿದವರು ಒಂದು ಗಳಿಗೆ ಬೆಚ್ಚುತ್ತಿದ್ದರು. ಉಳಿದ ಉಗುರುಗಳೆಲ್ಲ ಬೆರಳಿಗೆ ಸಮನಾಗಿ ಕತ್ತರಿಸಿಕೊಂಡು ಮರ್ಯಾದೆಯಿಂದ ಇದ್ದರೆ, ಅದೊಂದು ಮಾತ್ರ ಗಿಳಿಯ ಕೊಕ್ಕಿನ ಹಾಗೆ ಮುಂದಕ್ಕೆ ಬಾಗಿಕೊಂಡಿರುತ್ತಿತ್ತು. ಬೀದಿ ತುದಿಯಲ್ಲಿ ಸೊಪ್ಪು ಮಾರುವವಳು ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಏನಕ್ಕ ಇದು? ತಂತಿ ಗಿಂತಿ ಮೀಟ್ತೀಯಾ?"

"ಮೀಟ್ತೀನಿ. ಸತ್ತ ಕಂಪ್ಯೂಟರ್ ಎದ್ದು ಕೂರೋ ಹಾಗೆ ಮೀಟ್ತೀನಿ," ಎಂದು ಮೇತಾವ್ ಸೊಪ್ಪಿನ ಕಂತೆಯಿಂದ ಒಂದು ಹಳದಿ ಎಲೆಯನ್ನು ಅದೇ ಉಗುರಿನಿಂದ ಚಿವುಟಿ ಎಸೆದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತೈಪೆ ನಗರದ ಸೆರಗಿಗೆ ಅಂಟಿಕೊಂಡಿರುವ ಚುಂಗ್‌ಹೋದಲ್ಲಿ, ಕೆಳಗೆ ಶಾವಿಗೆ ಒಣಹಾಕುವ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಲೈ ಯಜಮಾನರ ಕಾರ್ಖಾನೆ ಇತ್ತು. ಅಲ್ಲಿ ತಯಾರಾಗುತ್ತಿದ್ದುದು ಮದರ್‌ಬೋರ್ಡು, ಎಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲವನ್ನೂ ಹೊತ್ತು ಕೂರುವ ಹಸಿರು ಹಲಗೆ. ಆ ಹಲಗೆಯ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಲೋಹದ ಮುಳ್ಳುಗಳು ಜೋಡಿ ಜೋಡಿಯಾಗಿ ನಿಂತಿರುತ್ತಿದ್ದವು. ಯಾವ ಜೋಡಿಗೆ ಕರಿ ಪ್ಲಾಸ್ಟಿಕ್ ಟೋಪಿ ತೊಡಿಸಬೇಕು, ಯಾವುದನ್ನು ಬೋಳಾಗಿ ಬಿಡಬೇಕು ಎಂಬುದರ ಮೇಲೆ ಆ ಬೋರ್ಡಿನ ನಡೆನುಡಿಯೆಲ್ಲ ನಿಂತಿರುತ್ತಿತ್ತು: ಪ್ರೊಸೆಸರ್ ಎಷ್ಟು ವೇಗವಾಗಿ ಓಡಬೇಕು, ಎಷ್ಟು ವೋಲ್ಟ್ ಕುಡಿಯಬೇಕು ಎಲ್ಲ. ಅಕ್ಕಿಕಾಳಿನಷ್ಟು ಗಾತ್ರದ ಟೋಪಿ ಪಕ್ಕದ ಮುಳ್ಳಿಗೆ ಹೋಯಿತೆಂದರೆ ದುಬಾರಿ ಪ್ರೊಸೆಸರ್ ಸುಟ್ಟು ಹೊಗೆ ಬಿಡುತ್ತಿತ್ತು. ಊರಿಗೆಲ್ಲ ಟೋಪಿ ಹಾಕುವ ಜನ ಎಲ್ಲ ಕಡೆ ಬೇಕಾದಷ್ಟಿದ್ದಾರೆ. ಮುಳ್ಳಿಗೆ ಟೋಪಿ ತೊಡಿಸುವುದರಲ್ಲಿ ಮಾತ್ರ ಮೇತಾವಳದು ಎತ್ತಿದ ಕೈ. ಬೋರ್ಡು ಮುಂದೆ ಬರುತ್ತಲೇ ಉಗುರು ಟಿಕ್ ಟಿಕ್ ಟಿಕ್ ಎಂದು ಓಡುತ್ತಿತ್ತು, ಬಾಯಿ ಪಕ್ಕದವಳ ಜೊತೆ ಸಂಸಾರದ ಕಷ್ಟಸುಖ ಮಾತಾಡುತ್ತಿತ್ತು.

ಯೂನ್‌ಲಿನ್‌ನ ಕಡಲಂಚಿನಲ್ಲಿ ಹುಟ್ಟಿ, ಸಿಂಪಿಯ ಚಿಪ್ಪು ಬಿಡಿಸುತ್ತಲೇ ಬೆಳೆದವಳು ಅವಳು. ಹುಡುಗಿಯಾಗಿದ್ದಾಗ ನಗರಕ್ಕೆ ಬಂದು ಮೊದಲು ಕೊಡೆಗೆ ಕಡ್ಡಿ ಕಟ್ಟಿದಳು. ಲೋಕಕ್ಕೆ ಕೊಡೆ ಸಾಕಾಯಿತು, ಕ್ರಿಸ್‌ಮಸ್ ದೀಪದ ಸರ ಪೋಣಿಸಿದಳು. ಆಮೇಲೆ ಕ್ಯಾಲ್ಕುಲೇಟರಿಗೆ ಗುಂಡಿ ಕೂರಿಸಿದಳು. ಲೋಕ ಏನನ್ನು ಕೊಳ್ಳುತ್ತದೋ ಅದನ್ನು ಅವಳ ಬೆರಳು ಕಲಿತುಕೊಳ್ಳುತ್ತಿತ್ತು. ನಡುವೆ ಒಬ್ಬ ಬಸ್ ಚಾಲಕನನ್ನು ಮದುವೆಯಾದಳು, ಒಬ್ಬ ಮಗಳನ್ನು ಹೆತ್ತು ನರ್ಸಿಂಗ್ ಓದಿಸಿದಳು, ಚೀಟಿ ಕಟ್ಟಿದಳು, ಎರಡು ಸಲ ಚೀಟಿಯವಳು ಓಡಿಹೋದ ಮೇಲೂ ಮತ್ತೆ ಕಟ್ಟಿದಳು. ಯಾವುದಕ್ಕೂ ಕೈಚೆಲ್ಲಿ ಕೂರುವ ಹೆಂಗಸಲ್ಲ. ಆದರೆ ಈಗ ಅವಳಿಗೆ ಐವತ್ತಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಅಕ್ಕಪಕ್ಕದ ಕಾರ್ಖಾನೆಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿ ಕಡಲಾಚೆಗೆ ಹೋಗುತ್ತಿದ್ದವು. ಇಲ್ಲಿಂದ ಹೊರಬಿದ್ದರೆ ಐವತ್ತರ ಬೆರಳಿಗೆ ಹೊಸ ವಿದ್ಯೆ ಕಲಿಸುವವರು ಯಾರೂ ಇರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಂಥ ಹೊತ್ತಿನಲ್ಲಿ ಇಂಜಿನಿಯರ್ ಫಾಂಗ್ ಹೊಸ ಬೋರ್ಡ್ ಹಿಡಿದುಕೊಂಡು ಅವಳ ಮೇಜಿನ ಹತ್ತಿರ ಬಂದ. ಮೂವತ್ತು ದಾಟದ ಹುಡುಗ, ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿಕೊಂಡವನು. ಮದುವೆ ಗಂಡಿನ ಕಳೆ ಇತ್ತು ಅವನ ಮುಖದಲ್ಲಿ.

"ಅಕ್ಕ, ಇದ್ರಲ್ಲಿ ಟೋಪಿ ಎಲ್ಲಿ ಹಾಕ್ತೀರಿ, ಹುಡುಕಿ ನೋಡೋಣ."

ಮೇತಾವ್ ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮುಳ್ಳಿನ ಕಾಡು ಇರಬೇಕಾದ ಜಾಗವೆಲ್ಲ ಬಯಲಾಗಿತ್ತು.

"ಹಾಗಾದ್ರೆ ಇದಕ್ಕೆ ವೇಗ ಹೇಳೋರು ಯಾರಪ್ಪ?"

"ಯಾರೂ ಹೇಳ್ಬೇಕಾಗಿಲ್ಲ, ಅದೇ ಕೇಳ್ಕೊಳ್ಳುತ್ತೆ! ಕರೆಂಟ್ ಬಂದ ಕೂಡ್ಲೇ ಬೋರ್ಡು ಪ್ರೊಸೆಸರನ್ನ ಕೇಳುತ್ತೆ, ನೀನ್ಯಾರಪ್ಪ, ಎಷ್ಟು ವೋಲ್ಟ್ ಬೇಕು ನಿಂಗೆ ಅಂತ. ಅದು ಹೇಳುತ್ತೆ, ಇದು ಕೊಡುತ್ತೆ. ಸೌಂಡ್ ಕಾರ್ಡ್, ಮೋಡೆಮ್ ಏನು ಸಿಕ್ಕಿಸಿದ್ರೂ ಅಷ್ಟೆ. ಮೊದ್ಲು ಎರಡು ಕಾರ್ಡು ಒಂದೇ ಜಾಗಕ್ಕೆ ಕಿತ್ತಾಡ್ಕೊಂಡು ಮಷೀನು ನಿಂತೋಗ್ತಿತ್ತಲ್ಲ? ಈಗ ಯಾರು ಎಲ್ಲಿ ಕೂರ್ಬೇಕು ಅಂತ ಬೋರ್ಡೇ ಜಾಗ ಹಂಚಿಬಿಡುತ್ತೆ."

"ಅಯ್ಯೋ, ನಮ್ಮತ್ತೆ ಮನೆ ಮದುವೆ ಊಟಕ್ಕೆ ಇದನ್ನ ಕಳಿಸಿದ್ರೆ ಎಷ್ಟು ಚೆನ್ನಾಗಿತ್ತು," ಎಂದಳು ಮೇತಾವ್.

ಇಡೀ ಸಾಲು ನಕ್ಕಿತು. ಫಾಂಗ್ ಕೂಡ ನಕ್ಕ. ನಗು ಇನ್ನೂ ಆರುವ ಮೊದಲೇ ಪಕ್ಕದ ಸ್ಟೂಲಿನ ಆಮಾನ್ ಬಾಯಿ ಬಿಟ್ಟಳು. ಆಮಾನ್ ಒಳ್ಳೆಯವಳೇ, ಆದರೆ ಮನಸ್ಸಿಗೆ ಬಂದದ್ದು ಹಲ್ಲಿನ ಹಿಂದೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. "ಅದೇ ಎಲ್ಲಾ ಮಾಡ್ಕೊಂಡ್ರೆ ಮೇತಾವ್ ಅಕ್ಕ ಇನ್ನೇನು ಮಾಡ್ತಾಳೆ?"

ಫಾಂಗನ ಮುಖ ಇಂಗು ತಿಂದ ಮಂಗನಂತಾಯಿತು. ಪಾಪ, ಆ ಹುಡುಗನಿಗೆ ಅದು ಹೊಳೆದೇ ಇರಲಿಲ್ಲ.

ಮೇತಾವಳನ್ನು ಪ್ಯಾಕಿಂಗ್ ಮೇಜಿಗೆ ಹಾಕಿದರು. ಪರೀಕ್ಷೆಯಾಗಿ ಪಾಸಾದ ಬೋರ್ಡನ್ನು ಹೊಳೆಯುವ ಚೀಲಕ್ಕೆ ತೂರಿಸುವುದು, ಒಂದು ಕೇಬಲ್, ಒಂದು ಡಿಸ್ಕ್, ಒಂದು ಕೈಪಿಡಿ ಜೊತೆಗಿಟ್ಟು ಪೆಟ್ಟಿಗೆ ಮುಚ್ಚುವುದು. ಯಾರು ಬೇಕಾದರೂ ಮಾಡಬಹುದಾದ ಕೆಲಸ. ಅದಕ್ಕೇ ಅವಳಿಗೆ ಹೆದರಿಕೆ. ಹೊಸ ವರ್ಷದ ಹಬ್ಬ ಹತ್ತಿರ ಬರುತ್ತಿತ್ತು, ಅದಕ್ಕೂ ಮೊದಲು ಯಜಮಾನರು ಕೊಡುವ ವರ್ಷದ ಕೊನೆಯ ಔತಣ. ಅಲ್ಲಿನ ಪದ್ಧತಿಯಂತೆ ಆ ಔತಣದಲ್ಲಿ ತಲೆಯ ಸಮೇತ ಬೇಯಿಸಿದ ಇಡೀ ಕೋಳಿ ಮೇಜಿಗೆ ಬರುತ್ತದೆ. ಅದರ ಕೊಕ್ಕು ಯಾರ ಕಡೆಗೆ ತಿರುಗಿರುತ್ತದೋ ಅವರು ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಬರಬೇಕಾಗಿಲ್ಲ. ಬಾಯಲ್ಲಿ ಹೇಳಲಾಗದ ಯಜಮಾನರು ಕೋಳಿಯ ಕೈಲಿ ಹೇಳಿಸುತ್ತಾರೆ. ಲೈ ಯಜಮಾನರು ಮೆತ್ತನೆಯ ಮನುಷ್ಯ. ಪ್ರತಿ ವರ್ಷ ಕೊಕ್ಕನ್ನು ತಮ್ಮ ಕಡೆಗೇ ತಿರುಗಿಸಿಕೊಂಡು, "ನೋಡಿ, ಈ ಸಲವೂ ನನ್ನನ್ನೇ ಓಡಿಸ್ತಿದೆ," ಎಂದು ಅದೇ ನಗೆಚಾಟಿಕೆ ಮಾಡುತ್ತಿದ್ದರು. ಎಲ್ಲರೂ ಅದಕ್ಕೆ ಅದೇ ನಗು ನಗುತ್ತಿದ್ದರು, ನೆಮ್ಮದಿಯಿಂದ ತಿನ್ನುತ್ತಿದ್ದರು. ಆದರೆ ಲೆಕ್ಕಪತ್ರ, ಬೀಗದ ಕೈ, ಕೊನೆಯ ಮಾತು ಎಲ್ಲ ಯಜಮಾನಮ್ಮನ ಸೊಂಟದಲ್ಲಿದ್ದವು. ಆಕೆಗೆ ನಗೆಚಾಟಿಕೆ ಬರುತ್ತಿರಲಿಲ್ಲ.

ಪ್ಯಾಕಿಂಗ್ ಮೇಜಿನಲ್ಲಿ ಕೂತು ಬೋರ್ಡುಗಳನ್ನು ಚೀಲಕ್ಕೆ ಹಾಕುವಾಗ ಮೇತಾವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಮುಳ್ಳೆಲ್ಲ ಹೋಗಿದೆ ಎಂದುಕೊಂಡ ಹೊಸ ಬೋರ್ಡಿನಲ್ಲಿ, ರೂಪಾಯಿಯಗಲದ ಬ್ಯಾಟರಿಯ ಪಕ್ಕ, ಒಂದೇ ಒಂದು ಜೋಡಿ ಉಳಿದುಬಿಟ್ಟಿತ್ತು. ಬೋಳಾಗಿ ನಿಂತಿತ್ತು.

ಅಷ್ಟು ವರ್ಷ ಮುಳ್ಳಿಗೆ ಟೋಪಿ ತೊಡಿಸಿದ ಬೆರಳು ಅದನ್ನು ಹೇಗೆ ಸಹಿಸೀತು? ಮಗುವಿಗೆ ಸ್ನಾನ ಮಾಡಿಸಿ, ಅಂಗಿ ತೊಡಿಸಿ, ಚಳಿಯಲ್ಲಿ ಬರಿತಲೆಯಲ್ಲಿ ಬೀದಿಗೆ ಬಿಟ್ಟ ಹಾಗೆ ಕಂಡಿತು ಅವಳಿಗೆ. ಯಾರೋ ಮರೆತಿದ್ದಾರೆ ಎಂದುಕೊಂಡಳು. ನಿಜ ಹೇಳಬೇಕೆಂದರೆ ಮರೆತಿದ್ದಾರೆ ಎಂದುಕೊಳ್ಳಲು ಅವಳಿಗೆ ಆಸೆಯಿತ್ತು. ಹಳೆಯ ಏಪ್ರನ್ನಿನ ಜೇಬಿನಲ್ಲಿ ಕರಿ ಟೋಪಿಗಳು ಇನ್ನೂ ಹಿಡಿಗಟ್ಟಲೆ ಉಳಿದಿದ್ದವು. ಒಂದು ತೆಗೆದು ತೊಡಿಸಿದಳು. ಟಿಕ್. ಆ ಸದ್ದು ಕೇಳಿ ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು. ಮುಂದಿನ ಬೋರ್ಡಿಗೂ ತೊಡಿಸಿದಳು. ಆ ಸರಕಿನ ಒಂದು ಬೋರ್ಡನ್ನೂ ಅವಳು ಬರಿತಲೆಯಲ್ಲಿ ಕಳಿಸಲಿಲ್ಲ.

ಪೆಟ್ಟಿಗೆಗಳು ಸೇತುವೆ ಕೆಳಗಿನ ಕಂಪ್ಯೂಟರ್ ಬಜಾರಿಗೆ ಹೋದವು. ಔತಣದ ದಿನ ಬಂತು. ಬೆಳಗ್ಗೆ ಯಜಮಾನಮ್ಮ ಬಾಲ್ಕನಿಯಲ್ಲಿ ಭೂಮಿ ಕಾಯುವ ಅಜ್ಜ ದೇವರಿಗೆ ಹಣ್ಣು, ಊದುಬತ್ತಿ ಇಟ್ಟು ವ್ಯಾಪಾರ ಚೆನ್ನಾಗಿರಲಿ ಎಂದು ಕೈಮುಗಿದು ಒಳಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು.

ಮೊದಲು ಒಂದು ಅಂಗಡಿ, ಆಮೇಲೆ ಇನ್ನೊಂದು, ಆಮೇಲೆ ಬಜಾರಿಗೆ ಬಜಾರೇ. ಎಲ್ಲರದೂ ಒಂದೇ ದೂರು: ಹೊಸ ಬೋರ್ಡು ಏಳುತ್ತಿಲ್ಲ, ಫ್ಯಾನ್ ತಿರುಗುತ್ತದೆ, ತೆರೆಯ ಮೇಲೆ ಏನೂ ಇಲ್ಲ. ಫಾಂಗ್ ಫೋನನ್ನು ಕಿವಿಗೆ ಒತ್ತಿಕೊಂಡು ಒಂದೊಂದೇ ಕೇಳುತ್ತಿದ್ದ. ಪ್ರೊಸೆಸರ್ ಸರಿಯಾಗಿ ಕೂತಿದೆಯೇ, ಮೆಮೊರಿ ಬದಲಾಯಿಸಿ ನೋಡಿದಿರಾ, ಬೇರೆ ಕಾರ್ಡ್ ಹಾಕಿದಿರಾ. ಕಾರ್ಖಾನೆಯಲ್ಲಿ ಇನ್ನೂ ಪ್ಯಾಕಿಂಗಿಗೆ ಬಾರದೆ ಉಳಿದಿದ್ದ ಬೋರ್ಡುಗಳನ್ನು ಹಚ್ಚಿ ನೋಡಿದರೆ ಒಂದೊಂದೂ ಚಿಗರೆಯ ಹಾಗೆ ಎದ್ದು ಓಡುತ್ತಿತ್ತು. ಕೆಟ್ಟವು ನಾಳೆ ಬೆಳಗ್ಗೆ ವಾಪಸ್ಸು ಬರುವವರೆಗೂ ಕಣ್ಣಲ್ಲಿ ನೋಡುವ ಹಾಗಿಲ್ಲ.

"ಅದೇ ಕೇಳ್ಕೊಳ್ಳುತ್ತೆ, ಅದೇ ಹಂಚುತ್ತೆ ಅಂತಿದ್ದೆಯಲ್ಲ," ಎಂದರು ಯಜಮಾನಮ್ಮ. ದನಿ ಎತ್ತರಿಸಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. "ಈಗ ಏನು ಕೇಳ್ಕೊಳ್ತಿದೆ ಅದು? ಬಜಾರಿನೋರ ಬೈಗುಳನಾ?"

"ಅಮ್ಮಾವ್ರೇ, ಮನುಷ್ಯರ ಕೈ ತಪ್ಪೋಕೆ ಇದ್ರಲ್ಲಿ ಜಾಗಾನೇ ಇಲ್ಲ," ಎಂದ ಫಾಂಗ್. "ಬೋರ್ಡ್ ಮೇಲೆ ಒಂದೇ ಒಂದು ಜೋಡಿ ಮುಳ್ಳಿದೆ, ಬ್ಯಾಟರಿ ಪಕ್ಕ. ಅದು ಎಲ್ಲಾ ಮರೆಸೋಕೆ ಇರೋದು. ಎರಡು ಮುಳ್ಳು ಕೂಡಿಸಿದ್ರೆ ಬೋರ್ಡು ತಾನ್ಯಾರು ಅನ್ನೋದೇ ಮರೆತುಬಿಡುತ್ತೆ, ಏಳೋದೇ ಇಲ್ಲ. ಆದ್ರೆ ಅದು ಯಾವಾಗ್ಲೂ ಬೋಳಾಗೇ ಇರುತ್ತೆ, ಅದನ್ನ್ಯಾರು ಮುಟ್ತಾರೆ?"

ಪ್ಯಾಕಿಂಗ್ ಮೇಜಿನ ಹಿಂದೆ ಮೇತಾವಳ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಬರಿದಾಗಿತ್ತು.

ಆಗ ಆಮಾನ್ ತನ್ನ ಸ್ಟೂಲು ಬಿಟ್ಟು ಬಂದು ಅವಳ ಮೊಣಕೈ ತಿವಿದು ಪಿಸುಗುಟ್ಟಿದಳು. "ಕೇಳಿಸ್ತಾ? ಹೊಸ ಬೋರ್ಡು ನಿಲ್ಲಿಸಿ ಹಳೇದನ್ನೇ ಮಾಡೋಣ ಅಂತಿದಾರೆ ಯಜಮಾನಮ್ಮ. ನಿನ್ನ ಟೋಪಿ ವಾಪಸ್ ಬಂತು ಕಣೇ! ಅದೃಷ್ಟವಂತೆ!"

ಕೆಲಸ ಬಿಟ್ಟು ಮುಖ ತೊಳೆಯಲು ಹೋದ ಮೇತಾವ್ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು. ಬಾಯಿಗೆ ಬೀಗ ಹಾಕಿಕೊಂಡರೆ ಸಾಕಿತ್ತು, ಅವಳ ಸ್ಟೂಲು ಅವಳಿಗೆ ವಾಪಸ್ಸು. ನಾಳೆ ಬೆಳಗ್ಗೆ ಬೋರ್ಡುಗಳು ಬಂದಾಗ ಟೋಪಿ ಕಂಡರೂ, ಅದನ್ನು ತೊಡಿಸಿದವಳು ಇವಳೇ ಎಂದು ಹೇಳುವವರು ಯಾರು? ಬಜಾರಿನವರು ಸಿಕ್ಕಿಸಿದ್ದಾರೆ ಎಂದರೂ ನಡೆಯುತ್ತಿತ್ತು. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಮತ್ತೊಮ್ಮೆ ಹೇಳಿಕೊಂಡಳು. ಕನ್ನಡಿಯೊಳಗಿನ ಹೆಂಗಸು ಮಾತ್ರ ಒಪ್ಪಿದ ಹಾಗೆ ಕಾಣಲಿಲ್ಲ.

ಔತಣ ಮೂಲೆ ಹೋಟೆಲಿನ ಮಾಳಿಗೆಯಲ್ಲಿ. ದುಂಡು ಮೇಜು, ನಡುವೆ ಕೈಯಿಂದ ತಿರುಗಿಸುವ ಗಾಜಿನ ತಟ್ಟೆ. ಹಳೆಯಾಳೆಂದು ಮೇತಾವಳಿಗೆ ಯಜಮಾನರ ಮೇಜಿನಲ್ಲೇ ಜಾಗ. ಒಂದು ಕಡೆ ಆಮಾನ್, ಎದುರಿಗೆ ಫಾಂಗ್. ಅವನು ಊಟಕ್ಕೆ ಬಂದವನ ಹಾಗಿರಲಿಲ್ಲ, ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗಿದ್ದ. ಹಂದಿಮಾಂಸ ತುಂಬಿದ ಬಿಳಿ ಬನ್ನು ಬಂತು, ಮೀನು ಬಂತು, ಅಕ್ಕಿಶಾವಿಗೆ ಬಂತು. ಯಜಮಾನರು ಬಿಯರ್ ಬಗ್ಗಿಸುತ್ತ ಎಲ್ಲರನ್ನೂ ನಗಿಸಲು ನೋಡಿದರು. ಆಮೇಲೆ ಕೋಳಿ ಬಂತು.

ಯಜಮಾನರು ಅಭ್ಯಾಸಬಲದಿಂದ ಕೈ ಚಾಚಿದರು. ಅಷ್ಟರಲ್ಲಿ ಯಜಮಾನಮ್ಮ ಕೋಳಿಯ ತಟ್ಟೆಯನ್ನು ತಾವೇ ತೆಗೆದುಕೊಂಡು ಗಾಜಿನ ಮೇಲಿಟ್ಟರು. ನೋಡಿಕೊಂಡೇ ಇಟ್ಟರು. ಕೊಕ್ಕು ನೇರ ಫಾಂಗನ ಎದೆಗೆ ಗುರಿ ಹಿಡಿದಿತ್ತು.

ಪಕ್ಕದ ಮೇಜಿನವರೂ ಅಗಿಯುವುದನ್ನು ನಿಲ್ಲಿಸಿದರು. ಲೈ ಯಜಮಾನರು ತಮ್ಮ ಬಿಯರಿನೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತ ಕೂತರು. ಫಾಂಗ್ ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಹಾಕಿಕೊಂಡ. ಕೋಳಿ ಅಲ್ಲೇ ಇತ್ತು.

ಟಕ್ ಎಂದು ಒಂದು ಸದ್ದಾಯಿತು. ಮೇತಾವಳ ಉಗುರು ಗಾಜಿನ ಅಂಚಿಗೆ ತಾಗಿದ ಸದ್ದು. ಅವಳು ಎದ್ದು ನಿಂತು ತಟ್ಟೆಯನ್ನು ತಿರುಗಿಸತೊಡಗಿದಳು. ಕೊಕ್ಕು ಫಾಂಗನನ್ನು ಬಿಟ್ಟು ಹೊರಟಿತು. ಆಮಾನಳ ಮುಂದೆ ಬಂದಾಗ ಅವಳು ಕಚ್ಚೀತೆಂಬಂತೆ ಕುರ್ಚಿ ಸಮೇತ ಹಿಂದಕ್ಕೆ ವಾಲಿ, "ಏಯ್, ಬೇಗ ದಾಟಿಸೇ!" ಎಂದು ಚೀರಿದಳು. ಕೋಳಿ ಮೇತಾವಳ ಮುಂದೆ ಬಂದು ನಿಂತಿತು. ಈ ವರ್ಷ ತನ್ನ ಕಡೆ ನೋಡದಿರಲಿ ಎಂದು ಅವಳು ದೇವರಿಗೆ ಹರಕೆ ಹೊತ್ತಿದ್ದ ಕೋಳಿಯೂ ಅದೇ.

"ಏನಿದು ಮೇತಾವ್? ಅಷ್ಟು ಹಸಿವಾ?" ಎಂದರು ಯಜಮಾನಮ್ಮ.

"ಇಲ್ಲಮ್ಮ. ಇದು ನನ್ನ ಕಡೆ ನೋಡ್ಬೇಕಾದ ಕೋಳಿ." ಅವಳು ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. "ಬೋರ್ಡು ಕೆಡಿಸಿದ್ದು ಫಾಂಗ್ ಅಲ್ಲ, ನಾನು. ಆ ಬ್ಯಾಟರಿ ಪಕ್ಕದ ಮುಳ್ಳಿಗೆ ಟೋಪಿ ಹಾಕಿ ಕಳಿಸ್ಬಿಟ್ಟೆ. ಬೋಳಾಗಿತ್ತು. ನೋಡೋಕಾಗ್ಲಿಲ್ಲ ನಂಗೆ."

ಮೊದಲು ತಿಳಿದದ್ದು ಫಾಂಗನಿಗೆ. ಅವನು ಬೈಯುತ್ತಾನೆ ಎಂದುಕೊಂಡಿದ್ದರು ಎಲ್ಲರೂ. ಅವನು ಕುರ್ಚಿ ಬೀಳಿಸಿಕೊಂಡು ಎದ್ದು, "ಎಲ್ಲಾದಕ್ಕೂ ಹಾಕಿದೀರಾ ಅಕ್ಕ?" ಎಂದು ಕೂಗಿದ.

"ಒಂದನ್ನೂ ಬಿಟ್ಟಿಲ್ಲಪ್ಪ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ! ಹಾಗಾದ್ರೆ ಎಲ್ಲಾ ಏಳುತ್ತೆ!"

ಯಜಮಾನರು ಸೊಂಟದಿಂದ ಇಟ್ಟಿಗೆಯಂಥ ಮೊಬೈಲು ಕಿತ್ತು ಅವನ ಕೈಗಿಟ್ಟರು. ಫಾಂಗ್ ಬಜಾರಿನ ಒಂದು ಅಂಗಡಿಗೆ ಹಚ್ಚಿದ. ಆ ಅಂಗಡಿಯವನು ಮಧ್ಯಾಹ್ನದಿಂದ ಬೈದು ಬೈದು ಸುಸ್ತಾಗಿದ್ದವನು.

"ಬ್ಯಾಟರಿ ಪಕ್ಕ ಒಂದು ಕರಿ ಟೋಪಿ ಇದೆಯಾ ನೋಡಿ ಅಣ್ಣ... ಅದನ್ನ ಕಿತ್ತು ಬಿಸಾಕಿ... ಹೌದು, ಬಿಸಾಕಿ, ನಾನು ಹೇಳ್ತಿದೀನಲ್ಲ... ಈಗ ಕರೆಂಟ್ ಕೊಡಿ."

ಅವನು ಮೊಬೈಲನ್ನು ಮೇಜಿನ ನಡುವೆ, ಕೋಳಿಯ ಪಕ್ಕದಲ್ಲೇ ಹಿಡಿದ. ಎಲ್ಲರ ತಲೆಯೂ ಮುಂದಕ್ಕೆ ಬಾಗಿತು, ಯಜಮಾನಮ್ಮನದೂ. ಮೊದಲು ಬಜಾರಿನ ಗದ್ದಲ ಕೇಳಿಸಿತು, ಆಮೇಲೆ ಫ್ಯಾನಿನ ಗುಂಯ್‌ಗುಡುವಿಕೆ. ಆಮೇಲೆ ಒಂದೇ ಒಂದು ಚಿಕ್ಕ ಪೀಂ. ಬೋರ್ಡು ತನ್ನ ಮೈಕೈ ಎಲ್ಲ ತಡವಿ ನೋಡಿಕೊಂಡು, ಎಲ್ಲ ನೆಟ್ಟಗಿದೆ ಎಂದು ಹೇಳುವ ಸದ್ದು.

ಮಾಳಿಗೆ ಹಾರಿಹೋಗುವಂಥ ಕೂಗೆದ್ದಿತು. ಲೈ ಯಜಮಾನರು ಯಾರದೋ ಲೋಟ ಎತ್ತಿ ಕುಡಿದರು. ಗದ್ದಲ ಇಳಿದಾಗ ಕೋಳಿ ಇನ್ನೂ ಮೇತಾವಳ ಕಡೆಗೇ ನೋಡುತ್ತಿತ್ತು, ಮೇತಾವ್ ಇನ್ನೂ ನಿಂತೇ ಇದ್ದಳು.

ಫಾಂಗ್ ಮೆಲ್ಲಗೆ ಕೈ ಚಾಚಿ ತಟ್ಟೆಯನ್ನು ತನ್ನ ಕಡೆ ತಿರುಗಿಸಿದ. "ಅದನ್ನ ಬೋಳು ಬಿಡ್ಬೇಕು ಅಂತ ಪ್ಯಾಕಿಂಗ್‌ನೋರಿಗೆ ನಾನೇ ಹೇಳಿರ್ಲಿಲ್ಲ."

ಲೈ ಯಜಮಾನರಿಗೆ ಈಗ ಧೈರ್ಯ ಬಂತು. "ಕೊಡಿ ಇಲ್ಲಿ, ಅದು ಪ್ರತಿ ವರ್ಷ ನನ್ನನ್ನ ನೋಡೋ ಕೋಳಿ," ಎಂದು ತಮ್ಮ ಕಡೆಗೆ ಎಳೆದುಕೊಂಡರು. ಮೇತಾವ್ ಬಿಡಲಿಲ್ಲ, ಮತ್ತೆ ತಿರುಗಿಸಿದಳು. ಸಾಸಿನ ಬಟ್ಟಲು ಉರುಳಿತು. ಕೋಳಿಗೆ ತಲೆ ಸುತ್ತು ಬರುವ ಹಾಗಾಯಿತು.

"ಸಾಕು ನಿಮ್ಮ ಆಟ!" ಯಜಮಾನಮ್ಮ ಗಾಜನ್ನು ಒತ್ತಿ ಹಿಡಿದು ನಿಲ್ಲಿಸಿದರು. ಚಾಪ್‌ಸ್ಟಿಕ್ಕಿನಿಂದ ಕೋಳಿಯ ತಲೆಯನ್ನು ಮುರಿದು ತಮ್ಮ ಬಟ್ಟಲಿಗೆ ಹಾಕಿಕೊಂಡರು. "ತಗೊಳ್ಳಿ, ಇನ್ನು ಇದು ಯಾರನ್ನೂ ನೋಡಲ್ಲ. ಆರಿ ಹೋಗ್ತಿದೆ, ತಿನ್ನಿ ಎಲ್ಲಾ. ಮೇತಾವ್, ನಾಳೆ ಬೆಳಗ್ಗೆ ಫಾಂಗನ ಸ್ಕೂಟರ್ ಹಿಂದೆ ಕೂತ್ಕೊಂಡು ಬಜಾರಿಗೆ ಹೋಗು. ತೊಡಿಸಿದವಳೇ ಬಿಚ್ಚಬೇಕು."

"ಆಮೇಲೆ ಅಮ್ಮ?"

"ಆಮೇಲೇನು? ಹಬ್ಬ ಮುಗಿಸ್ಕೊಂಡು ಕೆಲಸಕ್ಕೆ ಬಾ." ಆಕೆ ಕೋಳಿಯ ತಲೆ ಚೀಪುತ್ತ ಇನ್ನೊಂದು ಮಾತು ಸೇರಿಸಿದರು. "ನಿನ್ನ ಕೆಲಸ ಉಳಿಸ್ಕೊಳ್ಳೋಕೆ ಸುಮ್ಮನಿರ್ಬಹುದಾಗಿತ್ತು ನೀನು. ನಂಗೇನು ಅಷ್ಟೂ ಗೊತ್ತಾಗಲ್ವಾ?"

ಎರಡು ಸಲ ಚೀಟಿಯವಳು ಓಡಿಹೋದಾಗಲೂ ಅಳದಿದ್ದ ಮೇತಾವ್ ಅಂದು ಅಕ್ಕಿಶಾವಿಗೆಯ ಬಟ್ಟಲಿಗೆ ಮುಖವಿಟ್ಟು ಗಳಗಳ ಅತ್ತಳು. ಸಂತೋಷಕ್ಕೇ ಅತ್ತಳು. ಆಮಾನ್ ಅವಳ ಬೆನ್ನು ಸವರುತ್ತ, ಅವಳ ಪಾಲಿನ ಕೋಳಿಯನ್ನೂ ತಾನೇ ತಿಂದಳು.

ಮರುದಿನ ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಅವಳು ಟೋಪಿ ಕಿತ್ತಳು. ಉಗುರು ತಾಗಿದಲ್ಲೆಲ್ಲ ಟಿಕ್, ಹಿಂದೆಯೇ ಪೀಂ. ಬೈಯಲು ಕಾದಿದ್ದವರು ಟೀ ಕೊಟ್ಟು ಕೂರಿಸಿದರು. ಟೋಪಿಯೇ ಇಲ್ಲದೆ ಇದಕ್ಕೆ ವೇಗ ಹೇಳುವವರು ಯಾರು ಎಂದು ಕೇಳಿದವರಿಗೆಲ್ಲ ಅವಳು ಅತ್ತೆ ಮನೆಯ ಮದುವೆ ಊಟದ ಕಥೆ ಹೇಳಿ, "ಇದು ಅಲ್ಲಿ ಇದ್ದಿದ್ರೆ ಜಗಳಾನೇ ಆಗ್ತಿರ್ಲಿಲ್ಲ," ಎಂದು ಮುಗಿಸುತ್ತಿದ್ದಳು. ಆ ಕಥೆ ಎಷ್ಟು ಹಿಡಿಸಿತೆಂದರೆ ಹಬ್ಬ ಕಳೆದ ಮೇಲೆ ಬಜಾರಿನವರು ಫೋನು ಮಾಡಿದಾಗಲೆಲ್ಲ "ಟೋಪಿ ಅಕ್ಕನ್ನ ಕರೀರಿ" ಎನ್ನತೊಡಗಿದರು. ಕಡೆಗೆ ಯಜಮಾನಮ್ಮ ಫೋನನ್ನೇ ಎತ್ತಿ ಅವಳ ಮೇಜಿನ ಮೇಲಿಟ್ಟರು. ಫಾಂಗ್ ಆ ಕೊನೆಯ ಜೋಡಿ ಮುಳ್ಳನ್ನೂ ತೆಗೆದು, ಅಲ್ಲಿ ಟೋಪಿ ಕೂರಲಾರದಂಥ ಎರಡು ಚಪ್ಪಟೆ ಚುಕ್ಕೆ ಇಟ್ಟ. ಮೇತಾವ್ ಉಗುರನ್ನು ಕತ್ತರಿಸಿದಳು. ಫೋನಿನ ಗುಂಡಿ ಒತ್ತಲು ಅದು ಅಡ್ಡ ಬರುತ್ತಿತ್ತು.

ಮುಂದಿನ ವರ್ಷದ ಔತಣಕ್ಕೆ ಕೋಳಿ ಬಂದಾಗ ಅದಕ್ಕೆ ತಲೆಯೇ ಇರಲಿಲ್ಲ, ಯಜಮಾನಮ್ಮ ಅಡುಗೆಮನೆಯಲ್ಲೇ ತೆಗೆಸಿದ್ದರು. ಬೋಳು ಕುತ್ತಿಗೆಯ ಎಲುಬಿನ ತುದಿಗೆ ಯಾರೋ ಒಂದು ಕರಿ ಟೋಪಿ ಸಿಕ್ಕಿಸಿದ್ದರು. ಫಾಂಗ್ ತನಗೇನೂ ಗೊತ್ತಿಲ್ಲ ಎಂಬಂತೆ ಸೂರು ನೋಡುತ್ತಿದ್ದ.

"ಚಳಿ ಅಲ್ವಾ ಅಕ್ಕ," ಎಂದ.

ಮೇಜೆಲ್ಲ ನಕ್ಕು ನಕ್ಕು ಬೀಳುತ್ತಿದ್ದರೆ, ಮೇತಾವ್ ಕಣ್ಣೊರೆಸಿಕೊಂಡು ಮುಂದೆ ಬಾಗಿದಳು. ಉಗುರಿಲ್ಲದ ಬೆರಳಿನಿಂದ ಅದನ್ನು ಕೀಳಲು ಅವಳಿಗೆ ತುಸು ಹೊತ್ತೇ ಹಿಡಿಯಿತು.